ಎರಡು ಹದಿನಾಲ್ಕುಗಳು

ಬೊಕ್ಕಸವು ತುಂಬುವದು ಪ್ರಜೆಯ ಗಳಿಕೆಯಿಂದ. ಇಷ್ಟು ಸರಳವಾದ ಮಾತನ್ನು ಅರ್ಥಪಂಡಿತರಿಗೆ ನೆನಪು ಮಾಡಿಕೊಡಬೇಕಾಗಿರುವದು ವಿಷಾದದ ಸಂಗತಿ.

ರಾಯಬಾಗ ತಾಲೂಕಿನ ದಿಗ್ಗೇವಾಡಿಯ ಕಬ್ಬಿನ ಒಕ್ಕಲಿಗನನ್ನೇ ನೋಡಿರಿ. ಅವನ ಬೆಳೆಯ ಉತ್ಪನ್ನಕ್ಕೆ ಆದಾಯಕರವಿಲ್ಲ. ಭೂಕಂದಾಯವು ಹೆಸರಿಗೆ ಮಾತ್ರ. ಹಾಗೆಂದು ಅವನು ಕರ ಕೊಡದವನಲ್ಲ. ಕಬ್ಬಿನ ಬಿಲ್ಲು ಕೈಸೇರಿದಾಗ ಅವನು ಸಿಮೆಂಟು, ಸೀರೆ, ಮೋಟಾರುಸೈಕಲ್ಲು ಕೊಳ್ಳುವನು. ಒಂದೊಂದರಲ್ಲಿಯೂ ಕರವು ಅಡಗಿರುವದು. ಬಿಲ್ಲು ತಡೆದರೆ ಮೊದಲು ನಿಲ್ಲುವವು ಇವೇ. ಅಳೆದು ಕೊಳ್ಳುವ ಜೋಳ, ಉಪ್ಪು ನಿಲ್ಲಲಾರವು; ಆದರೆ ಅವುಗಳ ಮೇಲೆ ಕರವೂ ಇಲ್ಲ! ಆದುದರಿಂದ ಗಳಿಕೆಯು ನೂರಕ್ಕೆ ಹತ್ತು ಕುಗ್ಗಿದರೆ ಕರವು ಹತ್ತಕ್ಕೂ ಮಿಗಿಲಾಗಿ ಕುಗ್ಗಬಹುದು, ಏರುವಾಗಲೂ ಹಾಗೆಯೇ. ಈ ಪ್ರಮಾಣವನ್ನು, ದರ ಏರಿಸಿ ಪಡೆದ ಹಣವನ್ನು ಬೇರ್ಪಡಿಸಿ, ವರ್ಷವರ್ಷವೂ ಅಳೆಯುವದೇ ಅಂದಾಜಿನ ಜೀವಾಳವು.

ನಡೆದುದೇನು? 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. 2015-16ರ ಉತ್ಪನ್ನವನ್ನು ಬುಡವಾಗಿಟ್ಟು, ಶೇಕಡಾ 14ರಂತೆ ಬೆಳೆವುದೆಂದು ಎಣಿಸಿ, ಕೊರತೆಯಾದರೆ ಐದು ವರ್ಷ ತುಂಬಿಕೊಡುವೆವೆಂದು ಕೇಂದ್ರವು ರಾಜ್ಯಗಳಿಗೆ ಮಾತುಕೊಟ್ಟಿತು. ಮಳೆಯಿರಲಿ ಬರವಿರಲಿ, ಹದಿನಾಲ್ಕು! ಇದು ಅಂದಾಜೋ, ಪಂಚಾಂಗವೋ? 2019-20ರಲ್ಲಿ ದೇಶದ ಉತ್ಪನ್ನವು ಅದರ ಅರ್ಧದ ಆಸುಪಾಸಿನಲ್ಲಿ ಬೆಳೆಯಿತು; ಆ ವರ್ಷದ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರವು ನಮ್ಮ ತೀರದ ಕಬ್ಬನ್ನು ಮುಳುಗಿಸಿತು. ಮುಂದೆ ಮಹಾಮಾರಿಯು ಬರಲು ಕೇಂದ್ರವು ಸಾಲ ತಂದು ಹಂಚಿತು: 2020-21ರಲ್ಲಿ 1.10 ಲಕ್ಷ ಕೋಟಿ ರೂಪಾಯಿ, ಮರುವರ್ಷ 1.59 ಲಕ್ಷ ಕೋಟಿ. ಆ ಸಾಲವನ್ನು ತೀರಿಸಲು ಸೆಸ್ಸನ್ನು ಮುಂದುವರಿಸಿದರು. ಅಂದರೆ ತಪ್ಪು ಲೆಕ್ಕದ ದಂಡವನ್ನು ತೆತ್ತವರು ಕೊಳ್ಳುವವರೇ.

ದಿಲ್ಲಿಯನ್ನಷ್ಟೇ ದೂರಿ ನಾವು ತೃಪ್ತರಾಗಲಾರೆವು. ಭರವಸೆಯ ನೆರಳಿನಲ್ಲಿ ಬೆಂಗಳೂರಿನವರಿಗೂ ಜಿಲ್ಲೆಗಳ ಗಳಿಕೆಯನ್ನು ಎಣಿಸುವ ಅಗತ್ಯವು ತೋರಲಿಲ್ಲ. 2022ರ ಜೂನ್ 30ಕ್ಕೆ ಆ ನೆರಳು ಸರಿಯಿತು.

ಇನ್ನೊಂದು ಹದಿನಾಲ್ಕಿದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯಂತೆ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ರೈತನಿಗೆ ಹಣವು ಸಲ್ಲಬೇಕು. ಎಷ್ಟೋ ಹಂಗಾಮುಗಳಲ್ಲಿ ಅದು ತಿಂಗಳುಗಟ್ಟಲೆ ಸಲ್ಲಲಿಲ್ಲ. ಶೇಕಡಾ 14ನ್ನು ಕಣ್ಣುಮುಚ್ಚಿ ನಂಬಿದವರು ಈ 14 ದಿನಗಳನ್ನು ಏಕೆ ಕಾಯಲಿಲ್ಲ? ರೈತನ ಹಣವು ಕಾರಖಾನೆಯಲ್ಲಿ ಸಿಕ್ಕಿಬಿದ್ದರೆ ಸರಕಾರದ ಕರವೂ ಅಲ್ಲಿಯೇ ಸಿಕ್ಕಿಬಿದ್ದಿರುವದು.

ಮುಂದಿನ ಆಯವ್ಯಯ ಪತ್ರಿಕೆಯನ್ನು ಬರೆಯುವ ಮೊದಲು ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳಲ್ಲಿ ಬಾಕಿಯಿರುವ ಕಬ್ಬಿನ ಬಿಲ್ಲುಗಳ ಲೆಕ್ಕವನ್ನು ಸರಕಾರವು ತರಿಸಲಿ, ಪ್ರಕಟಿಸಲಿ.