ಮಾತಿನ ಚಾವಡಿ

ಇಬ್ಬರು ಮಾತನಾಡುತ್ತಿರುವಲ್ಲಿಗೆ ಮೂರನೆಯವನೊಬ್ಬ ಬಂದು ಕುಳಿತರೆ ಮಾತಿನ ಬಣ್ಣವೇ ಬದಲಾಗುತ್ತದೆ. ಅದುವರೆಗೆ ಮನಸ್ಸು ಬಿಚ್ಚಿ ಆಡುತ್ತಿದ್ದವರು ಒಂದು ಕ್ಷಣ ತಡೆದು, ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ತೂಗಿ ನೋಡತೊಡಗುತ್ತಾರೆ. ನಾಲ್ಕನೆಯವನು, ಐದನೆಯವನು ಬಂದು ಕೂಡಿದಂತೆ ಅಲ್ಲಿ ಒಬ್ಬ ಮುಂದಾಳು ಹುಟ್ಟುತ್ತಾನೆ; ಒಬ್ಬ ಮೌನಿಯಾಗುತ್ತಾನೆ; ಇಬ್ಬರು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾರೆ. ಜಗಲಿಯ ಮೇಲಿನ ಹರಟೆ ಊರ ಚಾವಡಿಯ ಸಭೆಯಾಗುವುದು ಹೀಗೆ. ಇಲ್ಲಿ ಹೆಚ್ಚಿದ್ದು ಜನರ ಸಂಖ್ಯೆಯೊಂದೇ ಅಲ್ಲ, ಮಾತಿನ ಸ್ವರೂಪವೇ ಬೇರೆಯಾಯಿತು.

ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವವರು ಈ ಹಳೆಯ ಸತ್ಯವನ್ನು ಹೊಸದಾಗಿ ಕಲಿಯಬೇಕಾಯಿತು. ಇಬ್ಬರ ನಡುವೆ ಸಂದೇಶ ಸಾಗಿಸುವ ತಂತ್ರಾಂಶಕ್ಕೆ ಬೇಕಾದುದು ಬಹಳ ಕಡಿಮೆ: ಕಳುಹಿಸುವವನ ಹೆಸರು, ಪಡೆಯುವವನ ಹೆಸರು, ನಡುವೆ ಒಂದು ಸಂದೇಶ. ಅದು ಅಂಚೆಯ ಕಾಗದವಿದ್ದಂತೆ. ಇಂಥ ತಂತ್ರಾಂಶಕ್ಕೆ ಗುಂಪಿನ ಮಾತುಕತೆಯನ್ನು ಸೇರಿಸಬೇಕೆಂದಾಗ, ಪಡೆಯುವವನ ಹೆಸರಿನ ಜಾಗದಲ್ಲಿ ಹತ್ತು ಹೆಸರುಗಳನ್ನು ಬರೆದರೆ ಸಾಕೆಂದು ಮೊದಲಿಗೆ ತೋರುತ್ತದೆ. ಆದರೆ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. ಹತ್ತು ಜನರಿರುವಲ್ಲಿ ಇಬ್ಬಿಬ್ಬರ ಜೋಡಿಗಳು 45. ನೂರು ಜನರಿರುವಲ್ಲಿ 4,950. ಇಷ್ಟು ಸಂಬಂಧಗಳನ್ನು ಒಂದೇ ಸೂರಿನಡಿ ಹೊಂದಿಸಿ ನಡೆಸುವುದು ಅಂಚೆಯ ಕೆಲಸವಲ್ಲ, ಆಡಳಿತದ ಕೆಲಸ.

1998ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಮಾರ್ಕ್ ಸ್ಪೆನ್ಸರ್ ಎಂಬ ತರುಣ ಗೇಮ್ ಎಂಬ ಸಂದೇಶ ತಂತ್ರಾಂಶವನ್ನು ಬರೆದನು. ಹೆಸರಿನ ವ್ಯಾಜ್ಯವೊಂದರ ಫಲವಾಗಿ 2007ರಲ್ಲಿ ಅದು ಪಿಜಿನ್ ಎಂದು ಮರುನಾಮಕರಣಗೊಂಡಿತು. ಅದರ ಕೋಡ್ ಯಾರು ಬೇಕಾದರೂ ಓದಬಹುದಾದ ತೆರೆದ ಪುಸ್ತಕ. ಅಲ್ಲಿ ಇಬ್ಬರ ಮಾತಿಗೂ ಗುಂಪಿನ ಮಾತಿಗೂ ಬೇರೆಬೇರೆ ರಚನೆಗಳಿವೆ. ಗುಂಪಿಗೆಂದು ಸೇರುವ ಕ್ರಿಯೆ, ಆಹ್ವಾನಿಸುವ ಕ್ರಿಯೆ, ಮಾತನಾಡುವ ಕ್ರಿಯೆ, ಬಿಟ್ಟುಹೋಗುವ ಕ್ರಿಯೆ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಬರೆಯಬೇಕಾಗುತ್ತದೆ. ಈ ನಾಲ್ಕು ಕ್ರಿಯೆಗಳನ್ನು ಗಮನವಿಟ್ಟು ನೋಡಿದರೆ, ಯಾವುದೇ ಸಂಘ ಸಂಸ್ಥೆಯ ನಿಯಮಾವಳಿಯಲ್ಲಿ ಇರುವುದೂ ಇವೇ ಎಂಬುದು ಹೊಳೆಯುತ್ತದೆ. ಹೀಗೆ ಗುಂಪಿನ ಮಾತಿಗೆ ಕೋಡ್ ಬರೆಯಲು ಕುಳಿತವನು ತನಗೆ ಅರಿವಿದ್ದೋ ಇಲ್ಲದೆಯೋ ಒಂದು ಪುಟ್ಟ ಸಮಾಜಕ್ಕೆ ಸಂವಿಧಾನವನ್ನು ಬರೆಯುತ್ತಾನೆ. ಆದುದರಿಂದ ಆ ಕೆಲಸಕ್ಕೆ ಯಂತ್ರಜ್ಞಾನವೊಂದೇ ಸಾಲದು, ನ್ಯಾಯಬುದ್ಧಿಯೂ ಬೇಕು.

ಚರಿತ್ರೆಯನ್ನು ಅವಲೋಕಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1973ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಗಣಕ ವ್ಯವಸ್ಥೆಯಲ್ಲಿ ಟಾಕೋಮ್ಯಾಟಿಕ್ ಎಂಬ ಪ್ರೋಗ್ರಾಮು ರೂಪುಗೊಂಡಿತು. ಅದರಲ್ಲಿ ಒಂದು ಕೊಠಡಿಯಲ್ಲಿ ಐವರು ಸೇರಿ ಮಾತನಾಡಬಹುದಾಗಿತ್ತು. ಪ್ರತಿಯೊಬ್ಬರಿಗೂ ಪರದೆಯ ಮೇಲೆ ತಮ್ಮದೇ ಆದ ಒಂದು ಭಾಗ. ಒತ್ತಿದ ಅಕ್ಷರ ಒತ್ತಿದಂತೆಯೇ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಐವರಿಗೂ ಜಾಗ ಹಂಚಿದ್ದರಿಂದ ಒಬ್ಬನ ಮಾತು ಇನ್ನೊಬ್ಬನ ಮಾತನ್ನು ಮುಚ್ಚುವಂತಿರಲಿಲ್ಲ.

1988ರ ಆಗಸ್ಟಿನಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕಾರಿನೆನ್ ಎಂಬಾತನು ಐ.ಆರ್.ಸಿ. ಎಂಬ ವ್ಯವಸ್ಥೆಯನ್ನು ನಿರ್ಮಿಸಿದನು. ಅದು ಹಲವು ಸರ್ವರುಗಳನ್ನು ಬೆಸೆದು ದೇಶದೇಶಗಳ ಜನರನ್ನು ಒಂದೆಡೆ ಕೂಡಿಸಿತು. ಖಾಲಿ ಕೊಠಡಿಗೆ ಯಾರು ಮೊದಲು ಕಾಲಿಡುವರೋ ಅವರೇ ಅದರ ಮುಖ್ಯಸ್ಥರು ಎಂಬುದು ಅಲ್ಲಿನ ಕ್ರಮ. ನಿಯಮ ಸರಳವಾಗಿತ್ತು, ಆದರೆ ಸರಳವಾದುದೆಲ್ಲ ನ್ಯಾಯವಾಗಿರಬೇಕೆಂದಿಲ್ಲ. ಎರಡು ಸರ್ವರುಗಳ ನಡುವಣ ಸಂಪರ್ಕ ಕಡಿದಾಗ ಕೊಠಡಿ ಎರಡು ಹೋಳಾಗುತ್ತಿತ್ತು. ಬರಿದಾಗಿದ್ದ ಹೋಳಿಗೆ ನುಗ್ಗಿದ ಕಿಡಿಗೇಡಿ ಅಲ್ಲಿನ ಮುಖ್ಯಸ್ಥನಾಗಿ, ಹೋಳುಗಳು ಮತ್ತೆ ಕೂಡಿದಾಗ ಇಡೀ ಕೊಠಡಿಯನ್ನೇ ವಶಪಡಿಸಿಕೊಳ್ಳುವುದಿತ್ತು. ಅಧಿಕಾರವು ಯೋಗ್ಯತೆಯಿಂದಲೂ ಬಾರದೆ, ಒಪ್ಪಿಗೆಯಿಂದಲೂ ಬಾರದೆ, ಮೊದಲು ಬಂದ ಮಾತ್ರಕ್ಕೆ ದೊರೆತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಮಾತಿನ ಅನುಕ್ರಮವೂ ಒಂದು ಪ್ರಶ್ನೆಯೇ. ಐ.ಆರ್.ಸಿ.ಯಲ್ಲಿ ತಾನು ಕಳುಹಿಸಿದ ಮಾತು ಸರ್ವರಿನಿಂದ ತನಗೇ ಹಿಂದಿರುಗಿ ಬರುವುದಿಲ್ಲ. ಬರೆದೊಡನೆ ತನ್ನ ಪರದೆಯಲ್ಲಿ ಮೂಡಿಬಿಡುತ್ತದೆ. ಅದರಿಂದ ಇಬ್ಬರು ಒಮ್ಮೆಗೇ ನುಡಿದಾಗ, ಪ್ರತಿಯೊಬ್ಬನಿಗೂ ತಾನೇ ಮೊದಲು ನುಡಿದಂತೆ ಕಾಣಬಹುದು. ಜೆರೆಮಿ ಮಿಲ್ಲರ್ 1999ರಲ್ಲಿ ಲೋಕಕ್ಕೆ ಪರಿಚಯಿಸಿದ ಜಾಬರ್ ವ್ಯವಸ್ಥೆಗಾಗಿ ಮುಂದೆ ರೂಪಿಸಲಾದ ಬಹುಜನ ಸಂವಾದದ ನಿಯಮಗಳಲ್ಲಿ ಇದಕ್ಕೊಂದು ಪರಿಹಾರವಿದೆ. ಅಲ್ಲಿ ಪ್ರತಿಯೊಂದು ಮಾತೂ ಮೊದಲು ಕೊಠಡಿಗೆ ಹೋಗಿ, ಅಲ್ಲಿಂದ ಎಲ್ಲರಿಗೂ, ನುಡಿದವನಿಗೂ ಕೂಡ, ಮರಳಿ ಬರುತ್ತದೆ. ತನ್ನ ಮಾತು ಸಭೆಯ ಸಾಲಿನಲ್ಲಿ ಎಲ್ಲಿ ನಿಂತಿತೆಂಬುದು ನುಡಿದವನಿಗೂ ಸಭೆಯಿಂದಲೇ ತಿಳಿಯುತ್ತದೆ. ಸಭಾಮರ್ಯಾದೆಯೆಂಬುದು ಇಲ್ಲಿ ಕೋಡಿನ ಒಂದು ಸಾಲಾಗಿ ನಿಂತಿದೆ.

ಅದೇ ನಿಯಮಾವಳಿ ಕೊಠಡಿಯ ಜನರನ್ನು ಒಡೆಯ, ಆಡಳಿತಗಾರ, ಸದಸ್ಯ, ಬಹಿಷ್ಕೃತ ಮತ್ತು ಯಾವ ಸಂಬಂಧವೂ ಇಲ್ಲದವನು ಎಂದು ವಿಂಗಡಿಸುತ್ತದೆ. ನಿಯಂತ್ರಿತ ಕೊಠಡಿಗಳಲ್ಲಿ ಸಂದರ್ಶಕನು ಕೇಳಬಹುದು, ಆದರೆ ನುಡಿಯುವಂತಿಲ್ಲ. ನುಡಿಯುವ ಹಕ್ಕಿಗೆ ಅಲ್ಲಿ 'ಧ್ವನಿ' ಎಂದೇ ಹೆಸರು. ಅದನ್ನು ಕೊಡುವುದಕ್ಕೂ ಕಸಿಯುವುದಕ್ಕೂ ಸಭಾನಿಯಾಮಕನಿಗೆ ಅಧಿಕಾರವಿದೆ. ಬಹಿಷ್ಕಾರದ ನೋವನ್ನು ಶತಮಾನಗಳ ಕಾಲ ಉಂಡ ಸಮಾಜದವರು ಈ ಪದಗಳನ್ನು ಓದಿದಾಗ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರರು. ಉಪದ್ರವ ಮಾಡುವವನನ್ನು ಸಭೆಯಿಂದ ಹೊರಗಿಡುವ ಅಧಿಕಾರ ಯಾವ ಸಭೆಗೂ ಬೇಕು, ನಿಜ. ಆದರೆ ಹೊರಗಿಡುವವನು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗೆ ನಿಯಮವೇ ಮೌನವಾಗಿದ್ದರೆ, ಆ ಅಧಿಕಾರವು ದಬ್ಬಾಳಿಕೆಯಾಗಲು ಬಹಳ ದಿನ ಬೇಕಾಗುವುದಿಲ್ಲ.

ಗುಂಪಿನ ಮಾತಿನಿಂದ ಉಪಕಾರವೇ ಇಲ್ಲವೆಂದಲ್ಲ. 1991ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಅಧಿಕಾರ ಕಸಿಯುವ ಯತ್ನ ನಡೆದಾಗ, ಸುದ್ದಿಯ ದಾರಿಗಳೆಲ್ಲ ಬಿಗಿಯಾಗಿದ್ದ ವೇಳೆಯಲ್ಲಿ, ಅಲ್ಲಿನ ಸಂಗತಿಗಳು ಐ.ಆರ್.ಸಿ.ಯ ಮೂಲಕ ಹೊರಜಗತ್ತಿಗೆ ತಲುಪಿದವು. ಇಂದು ಕೂಡ ರಕ್ತದಾನಿಗಳನ್ನು ಹುಡುಕುವವರು, ದೂರದೂರಿನಲ್ಲಿ ಚದುರಿದ ಒಡಹುಟ್ಟಿದವರು, ಬೆಳೆಗೆ ತಗುಲಿದ ರೋಗದ ಚಿತ್ರ ಕಳುಹಿಸಿ ಸಲಹೆ ಕೇಳುವ ರೈತರು ಗುಂಪಿನ ಆಸರೆಯನ್ನೇ ಪಡೆಯುತ್ತಾರೆ. ಕೂಡಿ ಮಾತನಾಡುವ ಸೌಲಭ್ಯ ಒಂದು ಶಕ್ತಿ. ಶಕ್ತಿಯಾದುದರಿಂದಲೇ ಅದಕ್ಕೆ ಕಡಿವಾಣವೂ ಬೇಕು.

ಕಡಿವಾಣವಿಲ್ಲದ ಶಕ್ತಿ ಏನು ಮಾಡಬಲ್ಲದೆಂಬುದಕ್ಕೆ 2018ರ ಜುಲೈ ತಿಂಗಳ ಒಂದು ದುರಂತ ಸಾಕ್ಷಿಯಾಗಿದೆ. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರನೊಬ್ಬನು ಜನರ ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡನು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅವನ ಮತ್ತು ಅವನ ಗೆಳೆಯರ ಮೇಲೆ ಮಕ್ಕಳ ಕಳ್ಳರೆಂಬ ಸಂಶಯಕ್ಕೆ ಕಾರಣವಾಯಿತು. ಆ ಸುಳ್ಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬಿ, ಅವರ ಕಾರಿಗಿಂತ ಮುಂದಾಗಿ ಓಡಿತು. ಅದೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಬಹುದೆಂಬ ಮಿತಿಯನ್ನು ಪ್ರಕಟಿಸಿತು. 2019ರ ಜನವರಿಯಲ್ಲಿ ಅದನ್ನು ಎಲ್ಲ ದೇಶಗಳಿಗೂ ವಿಸ್ತರಿಸಿತು. ಕೋಡಿನಲ್ಲಿ ಬದಲಾದುದು ಒಂದು ಅಂಕಿ. ಆದರೆ ಅಂಥ ಒಂದು ಅಂಕಿಯ ಮೇಲೆ ವದಂತಿಯ ವೇಗ ನಿಂತಿರುತ್ತದೆ. ವದಂತಿಯ ವೇಗದ ಮೇಲೆ ಕೆಲವೊಮ್ಮೆ ಒಂದು ಜೀವ ನಿಂತಿರುತ್ತದೆ.

'ತಂತ್ರಾಂಶವೆಂಬುದು ಒಂದು ಉಪಕರಣ. ಚಾಕುವಿನಿಂದ ಹಣ್ಣನ್ನೂ ಕೊಯ್ಯಬಹುದು, ಕೈಯನ್ನೂ ಕೊಯ್ಯಬಹುದು. ತಪ್ಪು ಚಾಕುವಿನದಲ್ಲ' ಎಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಸುಳ್ಳನ್ನು ಬರೆದವನು, ವಿಚಾರಿಸದೆ ಮುಂದೂಡಿದವನು, ಕೈಯೆತ್ತಿದವನು ತಮ್ಮ ಹೊಣೆಯನ್ನು ಯಂತ್ರದ ಮೇಲೆ ಹೊರಿಸುವಂತಿಲ್ಲ. ಆದರೆ ಚಾಕು ಯಾರನ್ನೂ ಸಭೆಗೆ ಕರೆಯುವುದಿಲ್ಲ, ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ. ಗುಂಪಿನ ತಂತ್ರಾಂಶ ಬಳಕೆದಾರನು ಬರುವುದಕ್ಕೆ ಮುಂಚೆಯೇ ಯಾರ ಪೀಠ ಎತ್ತರ, ಯಾರ ಚಾಪೆ ಮೂಲೆಯಲ್ಲಿ ಎಂಬುದನ್ನು ನಿರ್ಧರಿಸಿಬಿಟ್ಟಿರುತ್ತದೆ. ಆದುದರಿಂದ ಅದನ್ನು ಚಾಕುವಿಗಿಂತ ಚಾವಡಿಗೆ ಹೋಲಿಸುವುದೇ ಸರಿ. ಚಾವಡಿಯನ್ನು ಕಟ್ಟಿದವನು ಬಾಗಿಲನ್ನು ಎಲ್ಲಿಟ್ಟನೆಂದು ಕೇಳುವ ಹಕ್ಕು ಊರಿಗೆ ಇದೆ.

ಹಾಗಾದರೆ ಒಳ್ಳೆಯ ಚಾವಡಿಯ ಲಕ್ಷಣಗಳಾವುವು? ಮೊದಲನೆಯದು, ಒಪ್ಪಿಗೆಯಿಲ್ಲದೆ ಯಾರನ್ನೂ ಒಳಗೆ ಎಳೆಯಬಾರದು. ತನ್ನನ್ನು ಗುಂಪಿಗೆ ಯಾರು ಸೇರಿಸಬಹುದೆಂಬುದನ್ನು ತಾನೇ ನಿರ್ಧರಿಸುವ ಅವಕಾಶ ವಾಟ್ಸ್‌ಆ್ಯಪ್ ಬಳಕೆದಾರರಿಗೆ ದೊರೆತದ್ದು 2019ರಲ್ಲಿ, ಗುಂಪುಗಳು ಬಂದು ಹಲವು ವರ್ಷಗಳು ಕಳೆದ ಮೇಲೆ. ಎರಡನೆಯದು, ಹೊರಗೆ ಹೋಗುವವನು ಮಾನದಿಂದ ಹೋಗುವಂತಿರಬೇಕು. ಎಲ್ಲರಿಗೂ ಸಾರದೆ, ಆಡಳಿತಗಾರರಿಗೆ ಮಾತ್ರ ತಿಳಿಯುವಂತೆ ಗುಂಪನ್ನು ಬಿಡುವ ಸೌಲಭ್ಯ ಅದೇ ತಂತ್ರಾಂಶದಲ್ಲಿ 2022ರಲ್ಲಿ ಪ್ರಕಟವಾಯಿತು. ಬಾಗಿಲನ್ನು ಒಳಗೆ ಬರಲು ಅಗಲವಾಗಿಯೂ ಹೊರಗೆ ಹೋಗಲು ಕಿರಿದಾಗಿಯೂ ಕಟ್ಟಿದರೆ ಅದು ಚಾವಡಿಯಲ್ಲ, ಬೋನು.

ಮೂರನೆಯದು, ಒಳಗಿನ ಮಾತು ಒಳಗಿನವರದಾಗಿಯೇ ಉಳಿಯಬೇಕು. ಗುಟ್ಟಿನ ಲಿಪಿಯಲ್ಲಿ ಸಂದೇಶ ಸಾಗಿಸುವ ಗುಂಪಿನಿಂದ ಒಬ್ಬನು ಹೊರನಡೆದಾಗ, ಉಳಿದವರು ಬೀಗದ ಕೈಯನ್ನು ಬದಲಾಯಿಸಿಕೊಳ್ಳಬೇಕಾಗುತ್ತದೆ; ಇಲ್ಲವಾದರೆ ಹಳೆಯ ಕೈಯಿಂದ ಹೊಸ ಮಾತನ್ನು ತೆರೆಯಬಹುದು. ದೊಡ್ಡ ಗುಂಪುಗಳಲ್ಲಿಯೂ ಈ ಬದಲಾವಣೆಯನ್ನು ಕಡಿಮೆ ಶ್ರಮದಲ್ಲಿ ಮಾಡಲು, ಸದಸ್ಯರನ್ನು ಮರದ ಕೊಂಬೆಗಳಂತೆ ಜೋಡಿಸುವ ವಿಧಾನವೊಂದು ಎಂ.ಎಲ್.ಎಸ್. ಎಂಬ ಹೆಸರಿನಲ್ಲಿ 2023ರ ಜುಲೈನಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟಗೊಂಡಿದೆ. ನಾಲ್ಕನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದುದು, ಗುಂಪಿನ ಅತ್ಯಂತ ದುರ್ಬಲನಾದ ಸದಸ್ಯನನ್ನು ಕಣ್ಮುಂದೆ ಇಟ್ಟುಕೊಂಡು ನಿಯಮಗಳನ್ನು ಬರೆಯಬೇಕು. ಗಟ್ಟಿಯಾಗಿ ನುಡಿಯುವವನಿಗೆ ಯಾವ ಚಾವಡಿಯಾದರೂ ಸರಿಯೆ. ಮೆಲ್ಲನೆ ನುಡಿಯುವವನ ಮಾತೂ ಕೇಳಿಸುವುದಾದರೆ ಅದು ಒಳ್ಳೆಯ ಚಾವಡಿ.

ನಿಯಮಗಳು ಹೆಚ್ಚಾದರೆ ಸ್ವಾತಂತ್ರ್ಯಕ್ಕೆ ಧಕ್ಕೆಯಾಗದೆ ಎಂಬ ಶಂಕೆ ಸಹಜ. ಆದರೆ ನಿಯಮವಿಲ್ಲದ ಗುಂಪು ಎಂಬುದೇ ಇಲ್ಲ. ಬರೆದ ನಿಯಮ ಇಲ್ಲದಲ್ಲಿ ಬಲಶಾಲಿಯ ಇಷ್ಟವೇ ನಿಯಮವಾಗುತ್ತದೆ, ಐ.ಆರ್.ಸಿ.ಯ ಬರಿದಾದ ಕೊಠಡಿಗಳು ಕಲಿಸಿದ ಪಾಠವೂ ಅದೇ. ಬರೆದ ನಿಯಮವನ್ನಾದರೆ ಓದಬಹುದು, ಪ್ರಶ್ನಿಸಬಹುದು, ತಿದ್ದಬಹುದು.

ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಬಾಲಕ ಬಾಲಕಿಯರಲ್ಲಿ ಕೆಲವರು ನಾಳೆ ಇಂಥ ತಂತ್ರಾಂಶಗಳನ್ನು ಬರೆಯುವರು. ಉಳಿದವರೆಲ್ಲರೂ ಅವುಗಳನ್ನು ಬಳಸುವರು. ಬರೆಯುವವನು 'ಸದಸ್ಯನನ್ನು ಸೇರಿಸು' ಎಂಬ ಸಾಲಿಗೆ ಮೊದಲು 'ಅವನನ್ನು ಕೇಳಿದೆಯಾ?' ಎಂದು ತನ್ನನ್ನು ತಾನು ಪ್ರಶ್ನಿಸಿಕೊಳ್ಳಲಿ. ಬಳಸುವವನು ಸಂದೇಶವನ್ನು ಮುಂದೂಡುವುದಕ್ಕೆ ಮೊದಲು 'ಇದು ನಿಜವೆ?' ಎಂದು ಕೇಳಿಕೊಳ್ಳಲಿ. ಮಾತು ಆಡಿದರೆ ಹೋಯಿತು ಎಂಬ ಹಿರಿಯರ ನುಡಿ ಇಬ್ಬರ ನಡುವಣ ಮಾತಿಗೇ ಸಲ್ಲುವುದಾದರೆ, ಒಂದೇ ಬೆರಳಿನ ಒತ್ತಿಗೆ ಸಾವಿರ ಮನೆ ಹೊಗುವ ಮಾತಿಗೆ ಅದು ಸಾವಿರ ಪಟ್ಟು ಸಲ್ಲುತ್ತದೆ.