ಕಲ್ಲು ಎಳೆದವರು

ರಾಯಚೂರನ್ನು ನೋಡಬಂದವರು ಸಾಮಾನ್ಯವಾಗಿ ಕೋಟೆಯ ಬೆಟ್ಟವನ್ನು ಹತ್ತಿ, ಊರನ್ನೆಲ್ಲ ಒಂದೇ ನೋಟದಲ್ಲಿ ಕಂಡು ಇಳಿದುಬಿಡುತ್ತಾರೆ. ಮಾನ್ವಿ, ದೇವದುರ್ಗಗಳಿಂದ ಕಚೇರಿಯ ಕೆಲಸಕ್ಕೆಂದು ಬರುವವರಿಗಂತೂ ಕೋಟೆಯೆಂದರೆ ದಾರಿಯ ಪಕ್ಕದ ಹಳೆಯ ಗೋಡೆ. ಆದರೆ ಊರನ್ನು ಅರಿಯಲು ಬೇರೊಂದು ಬಗೆಯೂ ಉಂಟು: ಒಂದೇ ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲುವುದು.

ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಅಂಥ ಕಲ್ಲೊಂದಿದೆ. ಉದ್ದ ಸುಮಾರು 41 ಅಡಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ಸಾರುತ್ತದೆ. ವಿದ್ವಾಂಸರು ಓದುವುದು ಅದನ್ನು. ಅಕ್ಷರ ಬಾರದವರೂ ಓದಬಲ್ಲ ಬರಹ ಇನ್ನೊಂದಿದೆ. ಆ ಬಂಡೆಯನ್ನೇ ಬಂಡಿಯ ಮೇಲೆ ಹೇರಿ ತರುತ್ತಿರುವ ರೇಖಾಚಿತ್ರವದು. ಮುಂದೆ ಕೋಣಗಳ ನೀಳವಾದ ಸಾಲು. ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳು. ಇಷ್ಟು ದೊಡ್ಡ ಕಲ್ಲು ಇಲ್ಲಿಗೆ ಬಂದುದು ಹೇಗೆಂಬ ಪ್ರಶ್ನೆಗೆ ಗೋಡೆಯೇ ಉತ್ತರ ಹೇಳುತ್ತದೆ.

ಇದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಾಹನಿಗೂ ಘೋರ ಕಾಳಗವಾಯಿತು. ಗೆದ್ದವನ ಹೆಸರೂ ಸೋತವನ ಹೆಸರೂ ಚರಿತ್ರೆಯಲ್ಲಿ ನಿಂತವು. ಕಲ್ಲು ಎಳೆದವರ ಹೆಸರು ಯಾರಿಗೂ ತಿಳಿಯದು; ಅವರ ಬೆವರಿಗೆ ಉಳಿದಿರುವ ಸಾಕ್ಷಿ ಆ ಗೆರೆಗಳಷ್ಟೆ. ಯಾರೋ ಸುಣ್ಣ ಬಳಿದರೆ, ಭಿತ್ತಿಪತ್ರ ಅಂಟಿಸಿದರೆ, ಅದೂ ಅಳಿದೀತು.

ಮಕ್ಕಳನ್ನು ಕೋಟೆಗೆ ಕರೆದೊಯ್ಯುವ ಹಿರಿಯರು ರಾಜರ ಹೆಸರುಗಳನ್ನು ಆಮೇಲೆ ಹೇಳಲಿ. ಮೊದಲು ಆ ಕೋಣಗಳನ್ನು ಎಣಿಸಲು ಹೇಳಲಿ.