ಹಸಿ ಗೋಡೆಗೆ ಅನ್‌ಡೂ ಇಲ್ಲ

2023ರ ಸೆಪ್ಟೆಂಬರ್ 18 ನೆನಪಿದೆಯಾ? ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ದಿನ. ನಮ್ಮೆಲ್ಲರ ಸ್ಟೇಟಸ್‌ನಲ್ಲೂ ಶಿಲಾಬಾಲಿಕೆಯರೇ. ಅದರ ಹಿಂದಿನ ದಿನವಷ್ಟೇ ಅದೇ ಅಧಿವೇಶನದಲ್ಲಿ ನಮ್ಮ ದೇಶದ ಇನ್ನೊಂದು ಜಾಗವೂ ಪಟ್ಟಿ ಸೇರಿತ್ತು: ಪಶ್ಚಿಮ ಬಂಗಾಳದ ಶಾಂತಿನಿಕೇತನ. ಇಲ್ಲಿ ಶತಮಾನಗಳ ಹಿಂದಿನ ಕಲ್ಲು. ಅಲ್ಲಿ ಮಣ್ಣು, ಸಿಮೆಂಟು, ಡಾಂಬರು, ಜೊತೆಗೆ ಇವತ್ತಿಗೂ ಹುಡುಗ ಹುಡುಗಿಯರು ಸೈಕಲ್ ಹತ್ತಿ ಕ್ಲಾಸಿಗೆ ಹೋಗುವ ಒಂದು ವಿಶ್ವವಿದ್ಯಾಲಯ.

ಕಳೆದ ಚಳಿಗಾಲದಲ್ಲಿ ನಾನೂ ನನ್ನ ತಂಗಿಯೂ ಅಲ್ಲಿಗೆ ಹೋಗಿ ಬಂದ್ವಿ. ಅವಳು ಸೆಕೆಂಡ್ ಪಿಯುಸಿ, ಸೈನ್ಸ್. ಮುಂದೆ ಓದಬೇಕು ಅಂತಿರೋದು ಮಾತ್ರ ಚಿತ್ರಕಲೆ. “ಚಿತ್ರ ಬರೆದ್ರೆ ಹೊಟ್ಟೆ ತುಂಬುತ್ತೇನಮ್ಮಾ?” ಅನ್ನೋದು ಅಪ್ಪನ ಪ್ರಶ್ನೆ. ನನ್ನ ಇಂಜಿನಿಯರಿಂಗ್ ಫೀಸಿಗೆ ಸಾಲ ಮಾಡಿ, ವರ್ಷಗಟ್ಟಲೆ ಕಂತು ಕಟ್ಟಿದ ಮನುಷ್ಯ ಕೇಳುವ ಪ್ರಶ್ನೆ ಅದು. ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ಹಾಗಾಗಿ, ಕಲಿಯೋ ಜಾಗ ಹೇಗಿರುತ್ತೆ ಅಂತ ಒಮ್ಮೆ ಕಣ್ಣಾರೆ ನೋಡೋಣ ಅಂದ್ಕೊಂಡ್ವಿ.

ಹೌರಾದಿಂದ ಬೋಲ್‌ಪುರಕ್ಕೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ದೇವೇಂದ್ರನಾಥ ಠಾಕೂರರು 1863ರಲ್ಲಿ ಇಲ್ಲಿ ಜಾಗ ಪಡೆದು ಆಶ್ರಮಕ್ಕೆ ನಾಂದಿ ಹಾಡಿದರು. ಅವರ ಮಗ ರವೀಂದ್ರನಾಥರು 1901ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ಶುರು ಮಾಡಿದರು. 1919ರಲ್ಲಿ ಕಲಾಭವನ, 1921ರಲ್ಲಿ ವಿಶ್ವಭಾರತಿ. ಇತಿಹಾಸ ಇಷ್ಟು ಸಾಕು, ಬನ್ನಿ ಒಳಗೆ ಹೋಗೋಣ.

ಕಲಾಭವನದ ಅಂಗಳದಲ್ಲಿ ಮೊದಲು ಕಣ್ಣಿಗೆ ಬೀಳೋದು ರಾಮ್‌ಕಿಂಕರ್ ಬೈಜ್ ಅವರ ‘ಸಂತಾಲ ಕುಟುಂಬ’. ಹೆಗಲ ಮೇಲೆ ಅಡ್ಡೆ ಹೊತ್ತ ಗಂಡಸು, ಪಕ್ಕದಲ್ಲಿ ಹೆಂಗಸು, ಮಗು, ಕಾಲ ಬಳಿ ನಾಯಿ. ಆಳೆತ್ತರ ಮೀರಿದ ಈ ಶಿಲ್ಪ 1938ರದ್ದು. ಹತ್ತಿರ ಹೋಗಿ ನೋಡಿದರೆ ಮೈಯೆಲ್ಲ ಒರಟು ಹರಳು. ಕಂಚಲ್ಲ, ಅಮೃತಶಿಲೆಯಲ್ಲ, ಸಿಮೆಂಟಿಗೆ ಅದೇ ಊರಿನ ಕೆಂಪು ಜಲ್ಲಿ ಬೆರೆಸಿ ಮಾಡಿದ್ದು. ನಮ್ಮ ಕರಾವಳಿಯವರು ಮುರಕಲ್ಲು ಅಂತಾರಲ್ಲ, ಅದೇ ಜಾತಿ. ರಾಜನದ್ದೂ ಅಲ್ಲ, ದೇವರದ್ದೂ ಅಲ್ಲ, ಕೆಲಸ ಹುಡುಕಿಕೊಂಡು ಗುಳೆ ಹೊರಟ ಒಂದು ಸಂಸಾರದ ವಿಗ್ರಹ. ಅದರ ಸಮೀಪದಲ್ಲೇ 1956ರ ‘ಮಿಲ್ ಕಾಲ್’: ಕಾರ್ಖಾನೆಯ ಸೈರನ್ ಕೇಳಿ ಓಡುತ್ತಿರುವ ಇಬ್ಬರು ಹೆಂಗಸರು, ಗಾಳಿಗೆ ಹಾರುವ ಸೀರೆ. ಬೆಳಗ್ಗೆ ಒಂಬತ್ತಕ್ಕೆ ಆಫೀಸ್ ಕ್ಯಾಬ್ ಹಿಂದೆ ಓಡುವ ನನಗೆ ಅವರು ಅಪರಿಚಿತರು ಅನ್ನಿಸಲಿಲ್ಲ.

ಕಟ್ಟಡಗಳದ್ದೂ ಇದೇ ಕಥೆ. ‘ಕಾಲೋ ಬಾಡಿ’ ಅಂದರೆ ಕರಿ ಮನೆ. ಮಣ್ಣಿನ ಗೋಡೆಗೆ ಡಾಂಬರು ಬಳಿದ ಹಾಸ್ಟೆಲ್ ಅದು. ಹೊರಗೋಡೆಯ ತುಂಬ ಮೇಷ್ಟರೂ ವಿದ್ಯಾರ್ಥಿಗಳೂ ಸೇರಿ ಮಾಡಿದ ಉಬ್ಬುಶಿಲ್ಪಗಳು. ಉತ್ತರಾಯಣದ ಆವರಣದಲ್ಲಿ ‘ಶ್ಯಾಮಲಿ’ ಇದೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ನೊಬೆಲ್ ಪಡೆದ ಕವಿ ತನಗಾಗಿ ಕಟ್ಟಿಸಿಕೊಂಡ ಮನೆ. ಗೋಡೆಯಷ್ಟೇ ಅಲ್ಲ, ಸೂರೂ ಮಣ್ಣಿನದೇ. ವಿನ್ಯಾಸ ಸುರೇಂದ್ರನಾಥ ಕರ್ ಅವರದ್ದು.

ಆದರೆ ತಂಗಿ ನಿಂತುಬಿಟ್ಟಿದ್ದು ಹಿಂದಿ ಭವನದಲ್ಲಿ. ಅನುಮತಿ ಕೇಳಿ ಒಳಗೆ ಹೋದ್ವಿ. ತಲೆ ಎತ್ತಿದರೆ ಮೂರು ಗೋಡೆಗಳ ಮೇಲ್ಭಾಗದ ಉದ್ದಕ್ಕೂ ಮಧ್ಯಯುಗದ ಸಂತರ ಬದುಕು, ನದಿಯ ಹಾಗೆ ಹರಿಯುತ್ತೆ. 1946-47ರಲ್ಲಿ ಬರೆದವರು ಬಿನೋದ್ ಬಿಹಾರಿ ಮುಖರ್ಜಿ. ಹುಟ್ಟಿನಿಂದಲೇ ಅವರ ದೃಷ್ಟಿ ತೀರಾ ಮಂದ. ಆ ಕಣ್ಣಲ್ಲೇ ಕಬೀರ, ತುಳಸೀದಾಸ, ಕುರುಡು ಕವಿ ಸೂರದಾಸ ಎಲ್ಲರೂ ಮೂಡಿದ್ದಾರೆ.

ಇದು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುತ್ತೆ, ಬಣ್ಣ ಅದರೊಳಗೇ ಸೇರಿಹೋಗುತ್ತೆ. ಆಮೇಲೆ ತಿದ್ದಬೇಕೆಂದರೆ ಕೆತ್ತಿ ತೆಗೆದು ಹೊಸದಾಗಿ ಗಾರೆ ಮೆತ್ತಬೇಕು. ದಿನಕ್ಕೆ ನೂರು ಸಲ ಅನ್‌ಡೂ ಒತ್ತುವ ನನ್ನ ಬೆರಳಿಗೆ ಅದನ್ನು ಕೇಳಿಯೇ ಚಳಿ ಹಿಡಿಯಿತು.

1950ರ ದಶಕದಲ್ಲಿ ಶಸ್ತ್ರಚಿಕಿತ್ಸೆಯೊಂದರ ನಂತರ ಬಿನೋದ್ ಬಿಹಾರಿಯವರ ದೃಷ್ಟಿ ಪೂರ್ತಿ ಹೋಯಿತು. ಕೆಲಸ ನಿಲ್ಲಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದರು, ಕೈಯಲ್ಲಿ ಮುಟ್ಟಿ ಮುಟ್ಟಿ ಆಕೃತಿ ಮಾಡಿದರು. 1972ರಲ್ಲಿ ಕಲಾಭವನಕ್ಕೆ ಟೈಲ್ಸ್‌ನ ಭಿತ್ತಿಚಿತ್ರವನ್ನೂ ರೂಪಿಸಿದರು. ಅವರ ಶಿಷ್ಯ ಸತ್ಯಜಿತ್ ರೇ ಅದೇ ವರ್ಷ ಅವರ ಬಗ್ಗೆ ‘ದಿ ಇನ್ನರ್ ಐ’ ಅನ್ನೋ ಸಾಕ್ಷ್ಯಚಿತ್ರ ತೆಗೆದರು.

ಇಷ್ಟೆಲ್ಲ ಕೇಳಿ ತಂಗಿ ಕಣ್ಣೀರು ಹಾಕ್ತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ. “ಅಕ್ಕಾ, ಒಂದು ದಿನಕ್ಕೆ ಎಷ್ಟಗಲ ಗಾರೆ ಮೆತ್ತುತ್ತಿದ್ರು? ನಿನ್ನೆಯ ಗಾರೆ, ಇವತ್ತಿನ ಗಾರೆ ಸೇರೋ ಗೆರೆ ಎಲ್ಲಿದೆ?” ಆ ಗೆರೆ ಹುಡುಕುತ್ತಾ ಅವಳು ಅರ್ಧ ಗಂಟೆ ಕತ್ತೆತ್ತಿ ನಿಂತಿದ್ದಳು. ಅದು ಕನಸು ಕಾಣುವವರ ಪ್ರಶ್ನೆಯಲ್ಲ, ಕೆಲಸ ಮಾಡುವವರ ಪ್ರಶ್ನೆ. ಟೀಮಿಗೆ ಹೊಸಬರನ್ನು ತೆಗೆದುಕೊಳ್ಳುವಾಗ ನಾನು ಹುಡುಕುವುದೂ ಇಂಥ ಪ್ರಶ್ನೆಗಳನ್ನೇ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಹೊಟ್ಟೆ ತುಂಬುತ್ತಾ ಅನ್ನೋದಕ್ಕೆ ನನ್ನ ಹತ್ತಿರ ಗ್ಯಾರಂಟಿ ಇಲ್ಲ ಅಂದೆ. ನನ್ನ ಕೆಲಸಕ್ಕೂ ಈಗ ಯಾರೂ ಗ್ಯಾರಂಟಿ ಕೊಡ್ತಿಲ್ಲ ಅಂತಲೂ ಹೇಳಿದೆ. ಮೊದಲ ಎರಡು ವರ್ಷದ ಫೀಸು ನನ್ನದು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೈಸೂರಿನ ಕಾವಾಗೂ ಒಂದು ಅರ್ಜಿ ಹಾಕಿಸು, ಹತ್ತಿರ ಇರುತ್ತೆ” ಅಂದರು. ಒಪ್ಪಿಗೆ ಅಂತ ಅವರು ಹೇಳಿಲ್ಲ, ನಾನೂ ಕೇಳಲಿಲ್ಲ.

ನೀವು ಹೋಗುವುದಾದರೆ: ಅಲ್ಲಿ ವಾರದ ರಜೆ ಭಾನುವಾರ ಅಲ್ಲ, ಬುಧವಾರ. ಕ್ಯಾಂಪಸ್ಸಿನೊಳಗೆ ಪ್ರವಾಸಿಗರನ್ನು ಬಿಡುವ ನಿಯಮ ಆಗಾಗ ಬದಲಾಗುತ್ತೆ, ಹೊರಡುವ ಮುಂಚೆ ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿ. ಪಾಠ ನಡೀತಾ ಇದ್ದರೆ ಮೆತ್ತಗೆ ಮಾತಾಡಿ. ಮನೆಯಲ್ಲಿ ಚಿತ್ರ ಬರೆಯೋ ತಮ್ಮನೋ ತಂಗಿಯೋ ಇದ್ದರೆ, ಅವರಿಗೂ ಒಂದು ಟಿಕೆಟ್ ಮಾಡಿಸಿ.